ಕೂಲಿ ಅಗ್ಗ ಇದ್ದರೂ ಮಾಲು ಯಾಕೆ ತುಟ್ಟಿ?

ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಪರಿಚಯದ ಒಂದು ಶೆಡ್ ಇದೆ. ದೊಡ್ಡ ಕಾರ್ಖಾನೆಗಳಿಗೆ ವಾಲ್ವ್ ಬಾಡಿ ಟರ್ನಿಂಗ್, ಅಂದರೆ ವಾಲ್ವ್‌ನ ಹೊರಕವಚವನ್ನು ಲೇತ್ ಮೇಲೆ ತಿರುಗಿಸಿ ಕಡೆದು ಕೊಡುವ ಜಾಬ್ ವರ್ಕ್ ಅಲ್ಲಿ ನಡೆಯುತ್ತದೆ. ವರ್ಷಕ್ಕೊಮ್ಮೆ ಅವರ ಲೆಕ್ಕಪತ್ರ ನೋಡಲು ಹೋಗುತ್ತೇನೆ. ಈ ಸಲ ಮಾಲೀಕರು ಲೆಕ್ಕದ ಪುಸ್ತಕಕ್ಕಿಂತ ಮೊದಲು ಮೊಬೈಲ್ ತೆಗೆದರು. ಯಾರೋ ಕಳಿಸಿದ ಒಂದು ಪಟ್ಟಿ. ಯಾವ ದೇಶದಲ್ಲಿ ಕಾರ್ಖಾನೆ ಕೆಲಸಗಾರನಿಗೆ ಗಂಟೆಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಅದರಲ್ಲಿತ್ತು. ಭಾರತ ತಳದಲ್ಲಿತ್ತು.

"ನೋಡ್ರಿ ಸರ, ಇಷ್ಟು ಸೋವಿ ಕೂಲಿ ಎಲ್ಲೂ ಇಲ್ಲಂತ. ಹಂಗಿದ್ರ ಚೀನಾ ಮಾಲು ನಮ್ಮದಕ್ಕಿಂತ ಸೋವಿ ಹೆಂಗ ಬರತೈತ್ರಿ?" ಎಂದು ಕೇಳಿದರು.

ಪಕ್ಕದ ಲೇತ್‌ನಲ್ಲಿ ನಿಂತಿದ್ದ ಹಿರಿಯ ಟರ್ನರ್ ತಲೆ ಎತ್ತದೆ ಹೇಳಿದರು: "ಮಷಿನ್ ನಿಂತಾಗ ಪಗಾರ ನಿಲ್ಲಂಗಿಲ್ಲಲ್ರಿ ಯಜಮಾನ್ರ."

ಮಾಲೀಕರು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಟರ್ನರ್ ಕೊಟ್ಟ ಉತ್ತರದಲ್ಲಿ ವಿಷಯದ ಅರ್ಧ ಭಾಗ ಇದೆ. ಉಳಿದರ್ಧವನ್ನು ಬಿಡಿಸಿ ನೋಡೋಣ.

ಮೊದಲು ಆ ಪಟ್ಟಿಯ ಮಾತು. ಇಂಥ ಅಂಕಿಗಳನ್ನು ಅಮೆರಿಕದ ಕಾನ್ಫರೆನ್ಸ್ ಬೋರ್ಡ್ ಎಂಬ ಸಂಸ್ಥೆ ಪ್ರಕಟಿಸುತ್ತಿತ್ತು. 2016ರಲ್ಲಿ ಕಾರ್ಖಾನೆ ಕೆಲಸಗಾರನಿಗೆ ಗಂಟೆಗೆ ಬೀಳುವ ಖರ್ಚು ಜರ್ಮನಿಯಲ್ಲಿ ಸುಮಾರು 43 ಡಾಲರ್, ಅಮೆರಿಕದಲ್ಲಿ 39, ದಕ್ಷಿಣ ಕೊರಿಯಾದಲ್ಲಿ 23, ಮೆಕ್ಸಿಕೊದಲ್ಲಿ 4, ಫಿಲಿಪೈನ್ಸ್‌ನಲ್ಲಿ 2. ಇದು ಕೈಗೆ ಬರುವ ಸಂಬಳ ಮಾತ್ರ ಅಲ್ಲ. ಬೋನಸ್, ವಿಮೆ, ರಜೆಯ ಹಣ, ನಮ್ಮ ಪಿಎಫ್‌ನಂಥ ಮಾಲೀಕರ ಪಾಲು, ಎಲ್ಲ ಸೇರಿದ ಮೊತ್ತ. ಯುರೋಪಿನೊಳಗೇ ನೋಡಿ. 2024ರಲ್ಲಿ ಯುರೋಪಿಯನ್ ಒಕ್ಕೂಟದ ಸರಾಸರಿ ಕಾರ್ಮಿಕ ವೆಚ್ಚ ಗಂಟೆಗೆ 33.5 ಯೂರೊ. ಲಕ್ಸೆಂಬರ್ಗ್‌ನಲ್ಲಿ 55.2, ಬಲ್ಗೇರಿಯಾದಲ್ಲಿ 10.6. ಇವೆಲ್ಲ ಒಂದೇ ಮಾರುಕಟ್ಟೆ, ನಡುವೆ ಸುಂಕ ಇಲ್ಲ, ಗಡಿ ದಾಟಲು ತೊಂದರೆ ಇಲ್ಲ. ಆದರೂ ಜರ್ಮನಿಯ ಕಾರ್ಖಾನೆಗಳೆಲ್ಲ ಗಂಟುಮೂಟೆ ಕಟ್ಟಿ ಬಲ್ಗೇರಿಯಾಕ್ಕೆ ಹೋಗಿಲ್ಲ.

ಯಾಕೆಂದರೆ ಮಾಲು ಕೊಳ್ಳುವವನಿಗೆ ಗಂಟೆಯ ಕೂಲಿ ಬೇಕಿಲ್ಲ. ಅವನಿಗೆ ಮುಖ್ಯ ನಗಕ್ಕೆ, ಅಂದರೆ ತಯಾರಾದ ಒಂದೊಂದು ಬಿಡಿ ಮಾಲಿಗೆ, ಬೀಳುವ ಕೂಲಿ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಒಂದು ಶೆಡ್‌ನಲ್ಲಿ ದಿನಕ್ಕೆ 800 ರೂಪಾಯಿ ಪಗಾರದ ಕೆಲಸಗಾರ ಹಳೆಯ ಲೇತ್ ಮೇಲೆ 8 ಬಾಡಿ ಮುಗಿಸುತ್ತಾನೆ. ನಗಕ್ಕೆ 100 ರೂಪಾಯಿ ಕೂಲಿ. ಇನ್ನೊಂದು ಕಡೆ 2,000 ರೂಪಾಯಿ ಪಗಾರದವನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ ಮೇಲೆ 40 ಮುಗಿಸುತ್ತಾನೆ. ನಗಕ್ಕೆ 50 ರೂಪಾಯಿ. ಎರಡೂವರೆ ಪಟ್ಟು ಪಗಾರ ಕೊಟ್ಟವನ ಮಾಲಿನಲ್ಲಿ ಕೂಲಿಯ ಭಾಗ ಅರ್ಧ ಆಯಿತು. ಮೊದಲ ಶೆಡ್‌ನ 8ರಲ್ಲಿ ಒಂದು ರಿಜೆಕ್ಟ್ ಆಯಿತು ಎಂದರೆ ಆ 100 ರೂಪಾಯಿ 114 ಆಗುತ್ತದೆ, ಮೇಲೆ ಕಾಸ್ಟಿಂಗ್, ಅಂದರೆ ಎರಕದ ತುಂಡು ಕೂಡ ಹಾಳು.

ಈಗ ಇದನ್ನೇ ದೇಶಗಳ ಮಟ್ಟಕ್ಕೆ ತೆಗೆದುಕೊಂಡು ಹೋಗೋಣ. ನಮ್ಮಲ್ಲಿ ನೋಂದಾಯಿತ ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ನಡೆಯುತ್ತದೆ. 2022-23ರಲ್ಲಿ ಈ ಕಾರ್ಖಾನೆಗಳಲ್ಲಿ ಸುಮಾರು 1.84 ಕೋಟಿ ಜನ ದುಡಿಯುತ್ತಿದ್ದರು. ಅವರು ಸೇರಿಸಿದ ಮೌಲ್ಯ ಸುಮಾರು 22 ಲಕ್ಷ ಕೋಟಿ ರೂಪಾಯಿ. ಸೇರಿಸಿದ ಮೌಲ್ಯ ಎಂದರೆ ಮಾಲಿನ ಬೆಲೆಯಿಂದ ಕಚ್ಚಾ ಸಾಮಾನು, ಕರೆಂಟ್, ಬಿಡಿಭಾಗ ಇವನ್ನೆಲ್ಲ ಕಳೆದು ಉಳಿಯುವುದು. ತಲೆಗೆ ಭಾಗಿಸಿದರೆ ವರ್ಷಕ್ಕೆ ಸುಮಾರು 12 ಲಕ್ಷ. ತಲೆಗೆ ಕೊಟ್ಟ ಸರಾಸರಿ ವೇತನ ಸುಮಾರು 3.46 ಲಕ್ಷ. ಅದೇ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.3 ಕೋಟಿ ಜನ ಸುಮಾರು 2.8 ಲಕ್ಷ ಕೋಟಿ ಡಾಲರ್ ಮೌಲ್ಯ ಸೇರಿಸುತ್ತಿದ್ದರು. ತಲೆಗೆ ಎರಡು ಲಕ್ಷ ಡಾಲರ್‌ಗಿಂತ ಜಾಸ್ತಿ. ಸವಲತ್ತು ಸೇರಿ ಅವರ ವೇತನ ಸುಮಾರು ಒಂದು ಲಕ್ಷ ಡಾಲರ್.

ಡಾಲರ್‌ಗೆ 80 ರೂಪಾಯಿ ಎಂದು ಹಿಡಿದರೆ ವೇತನದಲ್ಲಿ ಹೆಚ್ಚುಕಡಿಮೆ 23 ಪಟ್ಟು ಅಂತರ. ಪಟ್ಟಿ ನೋಡಿದವರ ಕಣ್ಣಿಗೆ ಬೀಳುವುದು ಇದೇ. ಆದರೆ ನೂರು ರೂಪಾಯಿ ಮೌಲ್ಯ ಸೇರಿಸಲು ನಮ್ಮಲ್ಲಿ ಕೂಲಿಗೆ ಹೋದದ್ದು 29 ರೂಪಾಯಿ. ಅಮೆರಿಕದಲ್ಲಿ ನೂರು ಡಾಲರ್‌ಗೆ ಸುಮಾರು 46. ಇಪ್ಪತ್ತಮೂರು ಪಟ್ಟು ಇದ್ದ ಅಂತರ ಒಂದೂವರೆ ಪಟ್ಟಿನ ಆಸುಪಾಸಿಗೆ ಇಳಿಯಿತು. ಇದು ಒರಟು ಲೆಕ್ಕ, ನಿಜ. ಮೌಲ್ಯವನ್ನು ಹಣದಲ್ಲಿ ಅಳೆದಿದ್ದೇವೆ, ವಸ್ತುವಿನಲ್ಲಿ ಅಲ್ಲ. ಅಮೆರಿಕದ ಕಾರ್ಖಾನೆ ವಿಮಾನದ ಎಂಜಿನ್ ಮಾಡುತ್ತದೆ, ನಮ್ಮದು ಬೆಲ್ಲ ಕಾಯಿಸುತ್ತದೆ ಎಂದಾಗ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಕಷ್ಟ. ಆದರೂ ಬರೀ ಕೂಲಿ ಪಟ್ಟಿಗಿಂತ ಈ ಲೆಕ್ಕ ಸತ್ಯಕ್ಕೆ ಹತ್ತಿರ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ಮೊಬೈಲಿನಲ್ಲಿ ಓಡಾಡುವ ಚಿತ್ರಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತೇನೆ. ಡಾಲರ್‌ನಲ್ಲಿ ಎರಡು ಬಗೆ. ಒಂದು ಬ್ಯಾಂಕಿನಲ್ಲಿ ಸಿಗುವ ಡಾಲರ್. ಇನ್ನೊಂದು ಕೊಳ್ಳುವ ಶಕ್ತಿಯ ಮೇಲೆ ಲೆಕ್ಕ ಹಾಕಿದ್ದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ತಿನ್ನಲು ಆಗುವ ಖರ್ಚಿಗೆ ನ್ಯೂಯಾರ್ಕ್‌ನಲ್ಲಿ ಒಂದು ಲೋಟ ಚಹಾ ಕೂಡ ಬರುವುದಿಲ್ಲ. ಹಾಗಾಗಿ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಒಂದು ಡಾಲರ್ ಎಂದರೆ ಇಲ್ಲಿ 20ರಿಂದ 24 ರೂಪಾಯಿ ಅಷ್ಟೇ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ದೇಶಗಳ ಉತ್ಪಾದಕತೆ ಹೋಲಿಸುವುದು ಈ ಎರಡನೇ ಡಾಲರ್‌ನಲ್ಲಿ. ಆ ಲೆಕ್ಕದಲ್ಲಿ ಭಾರತದ ಒಂದು ಗಂಟೆಯ ದುಡಿಮೆ 8-9 ಡಾಲರ್ ಮೌಲ್ಯ ಹುಟ್ಟಿಸುತ್ತದೆ, ಅಮೆರಿಕದ್ದು 70ರ ಆಚೆ. ಕೂಲಿಯನ್ನು ಮೊದಲನೇ ಡಾಲರ್‌ನಲ್ಲಿ, ಉತ್ಪಾದನೆಯನ್ನು ಎರಡನೇ ಡಾಲರ್‌ನಲ್ಲಿ ಹಾಕಿ ಒಂದರ ಪಕ್ಕ ಒಂದು ಇಟ್ಟರೆ ನಮ್ಮ ಕೆಲಸಗಾರ ಪುಕ್ಕಟೆ ಸಿಗುವವನ ಹಾಗೆ ಕಾಣುತ್ತಾನೆ. ಇಂಥ ಚಿತ್ರ ನಂಬಿ ಬಂಡವಾಳ ಹಾಕಿದವರು ಆಮೇಲೆ ಕೆಲಸಗಾರನನ್ನೇ ಬೈಯುತ್ತಾರೆ.

ಇನ್ನು ಮಾಲೀಕರು ಕೇಳಿದ ಚೀನಾ. ಚೀನಾದಲ್ಲಿ ಕೂಲಿ ಅಗ್ಗ ಎಂಬ ಮಾತು ಹಳೆಯದಾಯಿತು. 2023ರಲ್ಲಿ ಅಲ್ಲಿನ ನಗರಗಳ ಖಾಸಗಿ ಕಾರ್ಖಾನೆಗಳಲ್ಲಿ ವರ್ಷದ ಸರಾಸರಿ ವೇತನ 70 ಸಾವಿರ ಯುವಾನ್ ದಾಟಿತ್ತು. ನಮ್ಮ ಹಣದಲ್ಲಿ 8 ಲಕ್ಷದ ಹತ್ತಿರ. ನಮ್ಮ ನೋಂದಾಯಿತ ಕಾರ್ಖಾನೆಯ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಕೊಟ್ಟೂ ಅವರ ಮಾಲು ಅಗ್ಗ. ಅದೇ 2023ರಲ್ಲಿ ಚೀನಾದ ಕಾರ್ಖಾನೆಗಳು ಒಂದೇ ವರ್ಷದಲ್ಲಿ 2.76 ಲಕ್ಷ ಹೊಸ ರೋಬೋಟ್ ಕೂರಿಸಿದವು. ಭಾರತದಲ್ಲಿ ಕೂರಿಸಿದ್ದು ಸುಮಾರು ಎಂಟೂವರೆ ಸಾವಿರ. ಹತ್ತು ಸಾವಿರ ಕೆಲಸಗಾರರಿಗೆ ಚೀನಾದಲ್ಲಿ 470 ರೋಬೋಟ್‌ಗಳಿದ್ದವು, ದಕ್ಷಿಣ ಕೊರಿಯಾದಲ್ಲಿ 1,012. ಆದರೆ ಇದು ರೋಬೋಟ್‌ಗಳಿಂದ ಮಾತ್ರ ಆದದ್ದಲ್ಲ. ಅಲ್ಲಿ ಫೌಂಡ್ರಿ, ಮಷಿನಿಂಗ್, ಪ್ಲೇಟಿಂಗ್, ಪ್ಯಾಕಿಂಗ್ ಒಂದೇ ಊರಿನ ಸುತ್ತ ಇರುತ್ತವೆ. ಆರ್ಡರ್ ದೊಡ್ಡದು. ಒಂದು ಸೆಟ್ಟಿಂಗ್ ಮಾಡಿಕೊಂಡರೆ ಸಾವಿರಾರು ನಗ ಒಂದೇ ಸಮನೆ ಹೊರಬರುತ್ತವೆ. ನಮ್ಮ ತಾರಿಹಾಳದ ಶೆಡ್‌ಗೆ ಬರುವುದು ಈ ಅಳತೆಯ ಮೂವತ್ತು, ಆ ಅಳತೆಯ ನಲವತ್ತು. ಪ್ರತಿ ಸಲ ಚಕ್ ಬದಲಿಸಿ, ಟೂಲ್ ಬದಲಿಸಿ, ಮೊದಲ ಜಾಬ್, ಅಂದರೆ ಮೊದಲ ನಗ ತೆಗೆದು ಅಳೆದು ನೋಡುವ ಹೊತ್ತಿಗೆ ಶಿಫ್ಟ್‌ನ ಒಂದು ತುಂಡು ಹೋಗಿರುತ್ತದೆ.

ಹಾಗಾದರೆ ಇವರೂ ಮಷಿನ್ ಕೊಳ್ಳಬಹುದಲ್ವಾ? ಕೂಲಿ ಅಗ್ಗ ಇದ್ದಾಗ ಮಷಿನ್ ತುಟ್ಟಿ ಎನಿಸುತ್ತದೆ. ಜರ್ಮನಿಯಲ್ಲಿ ಗಂಟೆಗೆ 43 ಡಾಲರ್ ಉಳಿಸುವ ಮಷಿನ್ ಬೇಗ ತನ್ನ ಬೆಲೆ ತೀರಿಸಿಕೊಳ್ಳುತ್ತದೆ. ಇಲ್ಲಿ ಅದೇ ಮಷಿನ್ ಉಳಿಸುವುದು ಗಂಟೆಗೆ ನೂರಿನ್ನೂರು ರೂಪಾಯಿ. ಬೆಲೆ ಮಾತ್ರ ಎರಡೂ ಕಡೆ ಒಂದೇ, ಯಾಕೆಂದರೆ ಕಂಟ್ರೋಲರ್, ಸ್ಪಿಂಡಲ್, ಬೇರಿಂಗ್ ಬಹುಪಾಲು ಹೊರಗಿನಿಂದ ಬರುತ್ತವೆ. ಮೇಲೆ ಸಣ್ಣ ಶೆಡ್‌ಗೆ ಸಿಗುವ ಸಾಲದ ಬಡ್ಡಿ ಜಾಸ್ತಿ. ಎರಡು ಶಿಫ್ಟ್ ಓಡಿದರೆ ಮಾತ್ರ ಕಂತು ಕಟ್ಟಲು ಆಗುತ್ತದೆ, ಎರಡು ಶಿಫ್ಟ್‌ಗೆ ಬೇಕಾಗುವಷ್ಟು ಆರ್ಡರ್ ಇಲ್ಲ. ಹೀಗಾಗಿ ಮಾಲೀಕ ಮಷಿನ್ ಕೊಳ್ಳದಿರುವುದು ಅವನ ಮಟ್ಟಿಗೆ ಸರಿಯಾದ ಲೆಕ್ಕ. ಎಲ್ಲರೂ ಇದೇ ಸರಿಯಾದ ಲೆಕ್ಕ ಹಾಕಿದಾಗ ಇಡೀ ಊರಿನ ಉತ್ಪಾದನೆ ಅಲ್ಲೇ ನಿಲ್ಲುತ್ತದೆ, ಪಗಾರವೂ ಅಲ್ಲೇ ನಿಲ್ಲುತ್ತದೆ. ಈ ಸುತ್ತನ್ನು ಒಬ್ಬ ಮಾಲೀಕ ಒಬ್ಬನೇ ಮುರಿಯಲಾರ. ಹತ್ತು ಶೆಡ್‌ನವರು ಸೇರಿ ಒಂದು ಒಳ್ಳೆಯ ಅಳತೆಯ ಲ್ಯಾಬ್, ಒಂದು ಹೀಟ್ ಟ್ರೀಟ್‌ಮೆಂಟ್ ಭಟ್ಟಿ ಹಾಕಿಕೊಳ್ಳುವುದು ಸಾಧ್ಯವಿದೆ. ಅಂಥದ್ದಕ್ಕೆ ಸರ್ಕಾರದ ಹಣ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಷಿನ್ ಒಂದೇ ಇದ್ದರೂ ಉತ್ಪಾದನೆ ಬೇರೆ ಆಗಬಹುದು. ಆರ್ಥಿಕ ಇತಿಹಾಸಕಾರ ಗ್ರೆಗರಿ ಕ್ಲಾರ್ಕ್ 1910ರ ಸುಮಾರಿನ ಹತ್ತಿ ಗಿರಣಿಗಳನ್ನು ಹೋಲಿಸಿದ್ದರು. ಮಷಿನ್‌ಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬಗೆಯವು. ಆದರೂ ಅಮೆರಿಕದ ನ್ಯೂ ಇಂಗ್ಲೆಂಡ್‌ನ ಒಬ್ಬ ಕೆಲಸಗಾರ ಮಾಡುತ್ತಿದ್ದ ಕೆಲಸಕ್ಕೆ ಬ್ರಿಟನ್‌ನಲ್ಲಿ ಒಂದೂವರೆ ಜನ ಬೇಕಿತ್ತು. ಭಾರತ, ಚೀನಾ, ಜಪಾನ್‌ನಲ್ಲಿ ಹತ್ತಿರ ಹತ್ತಿರ ಆರು ಜನ. ಅಂದರೆ ಅಲ್ಲಿ ಒಬ್ಬನೇ ಹಲವಾರು ಮಗ್ಗ ನೋಡಿಕೊಳ್ಳುತ್ತಿದ್ದ, ಇಲ್ಲಿ ಒಂದೆರಡಕ್ಕೆ ಒಬ್ಬ. ಇದಕ್ಕೆ ಕಾರಣ ಆಯಾ ಊರಿನ ಕೆಲಸಗಾರರಲ್ಲೇ ಇದೆ ಎಂಬ ಕಡೆಗೆ ಕ್ಲಾರ್ಕ್ ವಾಲಿದರು. ನಾನು ಅದನ್ನು ಒಪ್ಪುವುದಿಲ್ಲ. ಆ ಪಟ್ಟಿಯಲ್ಲಿ ಜಪಾನ್ ನಮ್ಮ ಸಾಲಿನಲ್ಲೇ ಇತ್ತು. ಕೆಲವೇ ದಶಕಗಳಲ್ಲಿ ಅದೇ ಜಪಾನ್‌ನ ಗಿರಣಿಗಳು ಜಗತ್ತಿನ ಮಾರುಕಟ್ಟೆಯಲ್ಲಿ ಬ್ರಿಟನ್ನನ್ನು ಹಿಂದೆ ಹಾಕಿದವು. ಜನ ಬದಲಾಗಿರಲಿಲ್ಲ, ಗಿರಣಿ ನಡೆಸುವ ರೀತಿ ಬದಲಾಗಿತ್ತು.

ಇದಕ್ಕೆ ನಮ್ಮ ಕಾಲದ ಸಾಕ್ಷಿಯೂ ಇದೆ. 2008ರ ನಂತರ ಮುಂಬೈ ಸುತ್ತಲಿನ ಕೆಲವು ಬಟ್ಟೆ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಹೊಸ ಮಷಿನ್ ಕೊಡಲಿಲ್ಲ. ಕೆಲಸಗಾರರನ್ನು ಬದಲಿಸಲಿಲ್ಲ. ನಡೆಸುವ ಪದ್ಧತಿ ತಿದ್ದಲು ಸಲಹೆಗಾರರನ್ನು ಕಳಿಸಿದರು. ನೆಲ ಚೊಕ್ಕ ಇಡುವುದು, ನೂಲಿನ ದಾಸ್ತಾನು ಬರೆದಿಡುವುದು, ಮಷಿನ್ ಯಾಕೆ ನಿಂತಿತು ಎಂದು ದಿನಾ ದಾಖಲಿಸುವುದು, ದೋಷ ಎಲ್ಲಿ ಹುಟ್ಟುತ್ತದೆ ಎಂದು ಹುಡುಕುವುದು. ಇಷ್ಟೇ. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಏರಿತು. ಅದೇ ಕೈ, ಅದೇ ಮಗ್ಗ. ಈ ಅಂಕಿಯನ್ನು ನಾನು ಎಲ್ಲ ಶೆಡ್ ಮಾಲೀಕರಿಗೂ ಹೇಳುತ್ತೇನೆ.

ಗದಗದಲ್ಲೂ ಇದನ್ನು ಕಾಣಬಹುದು. ಅಲ್ಲಿನ ಪ್ರಿಂಟಿಂಗ್ ಪ್ರೆಸ್‌ಗಳು ನಾಡಿನಲ್ಲೆಲ್ಲ ಹೆಸರಾದವು. ಜರ್ಮನಿಯಲ್ಲಿ ಓಡುವ ಕಂಪನಿಯದೇ ಆಫ್‌ಸೆಟ್ ಮಷಿನ್ ಗದಗದಲ್ಲೂ ಓಡುತ್ತದೆ. ಆದರೆ ಕಾಗದ ತಡವಾಗಿ ಬಂದರೆ, ಕ್ಯಾಲೆಂಡರ್ ಹಂಗಾಮು ಮುಗಿದ ಮೇಲೆ ಕೆಲಸವೇ ಇಲ್ಲದಿದ್ದರೆ, ಆ ಮಷಿನ್‌ನ ವರ್ಷದ ಲೆಕ್ಕ ಒಂದೇ ಆಗಲು ಹೇಗೆ ಸಾಧ್ಯ?

ಇಷ್ಟಾದರೂ ಉತ್ಪಾದಕತೆ ಎಂದ ಕೂಡಲೇ ಮಾತು ದುಡಿಮೆಯ ತಾಸುಗಳ ಕಡೆ ಹೊರಳುತ್ತದೆ. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅದೇ ವರ್ಷ ಕರ್ನಾಟಕ ಕಾರ್ಖಾನೆ ಕಾಯ್ದೆ ತಿದ್ದಿ, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟಿತು. ಮೂರು ತಿಂಗಳ ಓವರ್‌ಟೈಮ್ ಮಿತಿ 75 ಗಂಟೆಯಿಂದ 144ಕ್ಕೆ ಏರಿತು. ನಾರಾಯಣಮೂರ್ತಿಯವರ ಕಾಳಜಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಗಂಟೆ ಹೆಚ್ಚಿಸಿದರೆ ಹೆಚ್ಚುವುದು ಒಟ್ಟು ಮಾಲು, ಗಂಟೆಯ ಮಾಲು ಅಲ್ಲ. ಜರ್ಮನಿಯ ಕೆಲಸಗಾರ ವರ್ಷಕ್ಕೆ ಸರಾಸರಿ 1,340 ಗಂಟೆ ದುಡಿಯುತ್ತಾನೆ, ಮೆಕ್ಸಿಕೊದವನು 2,200. ಒಂದು ಗಂಟೆಯಲ್ಲಿ ಹುಟ್ಟುವ ಮೌಲ್ಯ ಜರ್ಮನಿಯಲ್ಲಿ ಮೂರು ಪಟ್ಟಿಗೂ ಹೆಚ್ಚು. ಹನ್ನೊಂದನೇ ತಾಸಿನಲ್ಲಿ ಟರ್ನರ್‌ನ ಕಣ್ಣು ಮೈಕ್ರೋಮೀಟರ್ ಮೇಲೆ ನಿಲ್ಲುವುದಿಲ್ಲ. ರಿಜೆಕ್ಷನ್ ಆಗುವುದು ಆಗಲೇ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವ ಅಂಕಿ ದೇಶ ದೇಶಗಳ ನಡುವಿನದಲ್ಲ, ನಮ್ಮ ದೇಶದೊಳಗಿನದು. ಮೇಲೆ ಹೇಳಿದ 12 ಲಕ್ಷ ನೋಂದಾಯಿತ ಕಾರ್ಖಾನೆಗಳ ಲೆಕ್ಕ. ಅದರ ಹೊರಗೆ ಸಣ್ಣ ಅಂಗಡಿ, ಮನೆ ಕೆಲಸ, ಚಿಕ್ಕ ಶೆಡ್, ಸೇವೆಗಳ ದೊಡ್ಡ ಲೋಕ ಇದೆ. ಅದರ ಸಮೀಕ್ಷೆಯೂ ಆಗುತ್ತದೆ. 2023-24ರಲ್ಲಿ ಅಲ್ಲಿ 12 ಕೋಟಿಗೂ ಹೆಚ್ಚು ಜನ ದುಡಿಯುತ್ತಿದ್ದರು. ಒಬ್ಬರು ವರ್ಷಕ್ಕೆ ಸೇರಿಸಿದ ಮೌಲ್ಯ ಸುಮಾರು ಒಂದೂವರೆ ಲಕ್ಷ. ಎಂಟರಲ್ಲಿ ಒಂದು ಪಾಲು! ಅಮೆರಿಕ ಮತ್ತು ಭಾರತದ ನಡುವೆ ಕೊಳ್ಳುವ ಶಕ್ತಿಯ ಡಾಲರ್‌ನಲ್ಲಿ ಕಂಡ ಎಂಟು ಪಟ್ಟಿನ ಅಂತರವೇ ಇಲ್ಲಿ, ಒಂದೇ ಊರಿನ ಎರಡು ಗೇಟ್‌ಗಳ ನಡುವೆ ಇದೆ. ಧಾರವಾಡದ ಬೇಲೂರಿನ ದೊಡ್ಡ ಕಾರ್ಖಾನೆಯಲ್ಲಿ ದುಡಿಯುವವನೂ ಅವನ ಓಣಿಯಲ್ಲೇ ಸಣ್ಣ ವೆಲ್ಡಿಂಗ್ ಅಂಗಡಿ ಇಟ್ಟವನೂ ಅಣ್ಣತಮ್ಮಂದಿರೇ ಇರಬಹುದು. ಇಬ್ಬರ ಓದು, ಕೈಚಳಕ, ಶ್ರಮ ಒಂದೇ. ಬೇರೆ ಇರುವುದು ಸುತ್ತಲಿನ ವ್ಯವಸ್ಥೆ.

ಬ್ಯಾಡಗಿಗೆ ಬನ್ನಿ. ಮೆಣಸಿನಕಾಯಿ ಹಂಗಾಮಿನಲ್ಲಿ ತುಂಬು ಬಿಡಿಸುವ, ಅಂದರೆ ತೊಟ್ಟು ತೆಗೆಯುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬರುತ್ತಾರೆ. ತೂಕದ ಮೇಲೆ ಕೂಲಿ ಸಿಗುವ ಕಡೆ ಇಡೀ ಅರ್ಥಶಾಸ್ತ್ರ ಬಿಚ್ಚಿ ಇಟ್ಟ ಹಾಗೆ ಕಾಣುತ್ತದೆ. ತೂಕಕ್ಕೆ ಬೀಳುವ ಕೂಲಿ ಮೊದಲೇ ನಿಗದಿಯಾಗಿಬಿಟ್ಟಿದೆ. ಕಾಯಿ ಸಣ್ಣದು ಬಂದರೆ, ಒಣಗಿ ಪುಡಿಯಾದರೆ, ಚೀಲ ಬರುವುದು ತಡವಾದರೆ ಆ ನಷ್ಟ ಪೂರ್ತಿ ಅವರದೇ. ಘಾಟಿಗೆ ಕೆಮ್ಮುತ್ತಾ, ಉರಿಯುವ ಬೆರಳಿನಲ್ಲಿ ಕೂತವರನ್ನು ನೋಡಿ ಉತ್ಪಾದಕತೆ ಕಡಿಮೆ ಎಂದು ಹೇಳಲು ಬಾಯಿ ಬರುವುದಿಲ್ಲ. ಅದೇ ಕಾಯಿಂದ ಬಣ್ಣದ ರಸ, ಅಂದರೆ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಯಲ್ಲಿ ತಲೆಗೆ ಹುಟ್ಟುವ ಮೌಲ್ಯ ಎಷ್ಟೋ ಪಟ್ಟು ಜಾಸ್ತಿ. ಆ ಕಾರ್ಖಾನೆಗಳು ಹಾವೇರಿ ಜಿಲ್ಲೆಯಲ್ಲೇ ಹೆಚ್ಚಿದರೆ, ತುಂಬು ಬಿಡಿಸುವವರ ಹೆಣ್ಣುಮಕ್ಕಳಿಗೆ ಅಲ್ಲಿ ಲ್ಯಾಬ್ ಕೆಲಸ ಸಿಕ್ಕರೆ, ಅಂಕಿ ತಾನಾಗಿ ಬದಲಾಗುತ್ತದೆ.

ಎಲ್ಲವನ್ನೂ ನಗಕ್ಕೆ ಬೀಳುವ ಕೂಲಿಯಿಂದಲೇ ಅಳೆಯಬೇಕೆ ಎಂದು ಕೇಳಿದರೆ, ಇಲ್ಲ ಎನ್ನುತ್ತೇನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಕೈಯಲ್ಲಿ ನೂತ ನೂಲು, ಕೈಮಗ್ಗದ ಬಟ್ಟೆ, ಅಳತೆ ತಪ್ಪದ ಹೊಲಿಗೆ. ಇದರ ವೇಗವನ್ನು ಮಷಿನ್‌ಗೆ ಹೋಲಿಸುವುದೇ ತಪ್ಪು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಪಾಲಿಯೆಸ್ಟರ್ ಬಟ್ಟೆಗೂ ಮಷಿನ್‌ನಲ್ಲಿ ಮಾಡಿದ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಬರೀ ಬೆಲೆಯ ಲೆಕ್ಕದಲ್ಲಿ ಪಾಲಿಯೆಸ್ಟರ್ ಗೆಲ್ಲುತ್ತದೆ. ಸರ್ಕಾರಿ ಕಟ್ಟಡಗಳ ಮೇಲಾದರೂ ಖಾದಿಯೇ ಹಾರಬೇಕು, ಅದರ ತುಟ್ಟಿ ಕೂಲಿಯನ್ನು ನಾವೆಲ್ಲ ಸೇರಿ ಸಂತೋಷದಿಂದ ಕೊಡಬೇಕು ಎಂಬುದು ನನ್ನ ಆಸೆ.

ಕೂಲಿಯ ಹೊರಗಿನ ಖರ್ಚುಗಳ ಬಗ್ಗೆ ಎರಡು ಮಾತು. ಮಾಲು ಹಡಗು ಹತ್ತಬೇಕಾದರೆ ಘಟ್ಟ ಇಳಿಯಬೇಕು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಮಂಜೂರಾಗಿ ಕಾಲು ಶತಮಾನ ದಾಟಿದೆ, ಸುಮಾರು 165 ಕಿಲೋಮೀಟರ್, ಇನ್ನೂ ಆಗಿಲ್ಲ. ದಾರಿಯಲ್ಲಿ ಬರುವ ಕಾಡಿನ ಪ್ರಶ್ನೆ ಸಣ್ಣದಲ್ಲ, ಅದನ್ನು ತಳ್ಳಿಹಾಕಿ ಮಾತಾಡಲಾರೆ. ಆದರೆ ಲಾರಿ ಬಾಡಿಗೆ ನಗದ ಮೇಲೆ ಬೀಳುತ್ತಲೇ ಇದೆ. ರೂಪಾಯಿ ಇಳಿದರೆ ಡಾಲರ್‌ನಲ್ಲಿ ನಮ್ಮ ಕೂಲಿ ಇನ್ನೂ ಅಗ್ಗವಾಗುತ್ತದೆ, ಜೊತೆಗೆ ಹೊರಗಿನಿಂದ ತರುವ ಇನ್ಸರ್ಟ್, ಅಂದರೆ ಲೋಹ ಕಡೆಯುವ ಟೂಲಿನ ತುದಿ, ತುಟ್ಟಿಯಾಗುತ್ತದೆ. ಇನ್ನು ಸುಂಕ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹಳಷ್ಟು ಸರಕಿನ ಮೇಲೆ ಒಟ್ಟು ಶೇ. 50ರಷ್ಟು ಸುಂಕ ಹಾಕಿತು. ಕೂಲಿಯಲ್ಲಿ ಹನಿ ಹನಿಯಾಗಿ ಉಳಿಸಿದ್ದು ಒಂದು ಆದೇಶದಲ್ಲಿ ಕೊಚ್ಚಿಹೋಗಬಹುದು ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ತಾರಿಹಾಳದ ಮಾಲೀಕರಿಗೆ ನಾನು ಅವತ್ತು ಇಷ್ಟೆಲ್ಲ ಹೇಳಲಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತರಿಸಿ ಲೇತ್ ಪಕ್ಕ ತೂಗುಹಾಕಲು ಹೇಳಿದೆ. ಮಷಿನ್ ನಿಂತಾಗಲೆಲ್ಲ ಎಷ್ಟು ನಿಮಿಷ, ಯಾಕೆ ಎಂದು ಬರೆಯಬೇಕು. ಯಾರನ್ನೂ ಬೈಯಬಾರದು.

ಮೂರು ವಾರ ಬಿಟ್ಟು ಹೋಗಿ ನೋಡಿದೆ. ಟರ್ನರ್ ಕಾಕಾ ಗುಂಡಗಿನ ಅಕ್ಷರದಲ್ಲಿ ತುಂಬಾ ಅಚ್ಚುಕಟ್ಟಾಗಿ ಬರೆದಿದ್ದರು. ಕಾಸ್ಟಿಂಗ್ ಬಂದಿಲ್ಲ, 2 ತಾಸು. ಗೇಜ್ ಬೇರೆ ಶೆಡ್‌ನಲ್ಲಿದೆ, 40 ನಿಮಿಷ. ಕರೆಂಟ್ ಇಲ್ಲ, 55 ನಿಮಿಷ. ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್ (ಗಾಳಿ ತೂತು), ಜಾಬ್ ವಾಪಸ್. ಇನ್ಸರ್ಟ್ ಮುಗಿದಿದೆ, ಹುಡುಗ ಗೋಕುಲ ರೋಡಿಗೆ ಹೋಗಿದ್ದಾನೆ, 1 ತಾಸು 10 ನಿಮಿಷ. ಕೆಲಸಗಾರ ಬಂದಿಲ್ಲ ಎಂಬುದು ಇಡೀ ಮೂರು ವಾರದಲ್ಲಿ ಒಂದೇ ಸಲ ಇತ್ತು, ಅದೂ ಅವರ ಮೊಮ್ಮಗಳ ನಾಮಕರಣದ ದಿನ.

ಮಾಲೀಕರು ಪುಟ ತಿರುವುತ್ತಾ ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಕಾಕಾ, ನಾಳೆಯಿಂದ ಇನ್ಸರ್ಟ್ ಡಬ್ಬಿ ನಿಮ್ಮ ಕಡೇನ ಇರಲಿ. ಇನ್ನೊಂದು ಗೇಜ್ ತರಸ್ತೇನಿ," ಎಂದರು.

"ತರಸ್ರಿ," ಎಂದರು ಕಾಕಾ. "ದಿನಕ್ಕ ಮೂರು ಜಾಬ್ ಜಾಸ್ತಿ ತೆಗದ್ರ ಪಗಾರದ ಮಾತೂ ಮಾತಾಡೂಣ್ರಿ."